ಗೆರೆ ಮೇಲೆ ಕ್ಲಿಕ್ ಮಾಡಿದ್ರೆ ಸಿಗೋದು ಡೇಟಾ ಅಲ್ಲ

ಎಕ್ಸೆಲ್ ಚಾರ್ಟ್ ಮೇಲೆ ಎಲ್ಲಾದ್ರೂ ಕ್ಲಿಕ್ ಮಾಡಿದ್ರೆ ಸಾಕು, ಆ ಜಾಗದ ಎಕ್ಸ್ ಮತ್ತು ವೈ ವ್ಯಾಲ್ಯೂ ಪಕ್ಕದ ಸೆಲ್‌ಗೆ ಬಂದು ಕೂರುತ್ತೆ. ಇಂಥ ಒಂದು ಮ್ಯಾಕ್ರೋ ಈಗ ನಮ್ಮ ಕಾಲೇಜಿನಲ್ಲಿ ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ಓಡಾಡ್ತಾ ಇದೆ. ಲ್ಯಾಬ್ ರೆಕಾರ್ಡ್ ಇರಲಿ, ಮಿನಿ ಪ್ರಾಜೆಕ್ಟ್ ಇರಲಿ, ಟೇಬಲ್ ಸಿಗದೆ ಬರೀ ಗ್ರಾಫ್ ಸಿಕ್ಕಿದಾಗ ಎಲ್ರೂ ಇದನ್ನೇ ಬಳಸ್ತಿದ್ದಾರೆ. ಮ್ಯಾಕ್ರೋ ಬಗ್ಗೆ ನನ್ನ ತಕರಾರು ಏನೂ ಇಲ್ಲ, ಅದನ್ನ ಬರೆದವರು ಚೆನ್ನಾಗೇ ಬರೆದಿದ್ದಾರೆ. ನನ್ನ ತಕರಾರು ಇರೋದು ಅದರಿಂದ ಬಂದ ಅಂಕಿಗೆ ನಾವು 'ಡೇಟಾ' ಅಂತ ಹೆಸರಿಟ್ಟು ರಿಪೋರ್ಟ್‌ನಲ್ಲಿ ಹಾಕ್ತೀವಲ್ಲ, ಅದರ ಬಗ್ಗೆ.

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಓದ್ತಾ ಇರೋ ನಮಗೆ ಇದು ಬರೀ ಮಾರ್ಕ್ಸ್ ವಿಷಯ ಅಲ್ಲ. ನಮ್ಮಲ್ಲಿ ಅರ್ಧ ಪ್ರಾಜೆಕ್ಟ್‌ಗಳು ನೀರಿನ ಮೇಲೇ ಇರ್ತವೆ: ಅಂತರ್ಜಲ ಮಟ್ಟ, ಫ್ಲೋರೈಡ್, ಕೆರೆ ತುಂಬಿಸೋ ಯೋಜನೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕೂ ತಾಲ್ಲೂಕುಗಳು ಕೇಂದ್ರ ಅಂತರ್ಜಲ ಮಂಡಳಿಯ ಲೆಕ್ಕದಲ್ಲಿ 'ಅತಿ ಬಳಕೆ' ಪಟ್ಟಿಯಲ್ಲಿ ಇರುವಂಥವು. ಅಂದ್ರೆ ವರ್ಷಕ್ಕೆ ನೆಲದೊಳಗೆ ಇಳಿದು ನಮ್ಮ ಬಳಕೆಗೆ ಸಿಗೋ ನೀರಿಗಿಂತ ನಾವು ಮೇಲೆತ್ತೋದೇ ಜಾಸ್ತಿ. ಇಂಥ ಕಡೆ ಒಂದು ಗ್ರಾಫ್‌ನಿಂದ ತಪ್ಪಾಗಿ ತೆಗೆದ ಅಂಕಿ ಒಬ್ಬರ ರಿಪೋರ್ಟ್‌ನಿಂದ ಇನ್ನೊಬ್ಬರ ರಿಪೋರ್ಟ್‌ಗೆ ಹೋಗಿ, ಕೊನೆಗೆ ಯಾರೋ ಒಬ್ಬರು ಅದನ್ನ ನಂಬಿ ಬೋರ್ ಕೊರೆಸ್ತಾರೆ ಅಥವಾ ನೀರು ಕುಡೀತಾರೆ.

ಮೊದಲು ಕ್ಲಿಕ್ ಹೇಗೆ ಕೆಲಸ ಮಾಡುತ್ತೆ ನೋಡೋಣ. ಕ್ಲಿಕ್‌ನಲ್ಲಿ ಎರಡು ಜಾತಿ ಇದೆ. ನೋಡೋಕೆ ಒಂದೇ ಥರ ಇದ್ರೂ ಎರಡೂ ಬೇರೆ ಬೇರೆ.

ಒಂದನೇದು, ಚುಕ್ಕೆ ಮೇಲಿನ ಕ್ಲಿಕ್. ಎಕ್ಸೆಲ್‌ನ ವಿಬಿಎಯಲ್ಲಿ ಚಾರ್ಟ್‌ಗೆ ಮೌಸ್‌ಡೌನ್ ಅಂತ ಒಂದು ಈವೆಂಟ್ ಇದೆ. ನೀವು ಎಲ್ಲಿ ಒತ್ತಿದ್ರಿ ಅನ್ನೋದನ್ನ ಅದು ಪಿಕ್ಸೆಲ್‌ನಲ್ಲಿ ಹೇಳುತ್ತೆ. ಆ ಎರಡು ನಂಬರ್‌ಗಳನ್ನ ಗೆಟ್‌ಚಾರ್ಟ್‌ಎಲಿಮೆಂಟ್ ಅನ್ನೋ ಮೆಥಡ್‌ಗೆ ಕೊಟ್ರೆ, ನೀವು ಒತ್ತಿದ್ದು ಏನನ್ನ, ಯಾವ ಸೀರೀಸ್, ಎಷ್ಟನೇ ಪಾಯಿಂಟ್ ಅಂತ ವಾಪಸ್ ತಿಳಿಸುತ್ತೆ. ಪಾಯಿಂಟ್ ನಂಬರ್ ಸಿಕ್ಕಿದ ಮೇಲೆ ಆ ಸೀರೀಸ್‌ನ ಮೂಲ ಅಂಕಿಯನ್ನೇ ಎತ್ತಿಕೊಳ್ಳಬಹುದು. ಇಲ್ಲಿ ಕ್ಲಿಕ್ ಬರೀ ವಿಳಾಸ ಹುಡುಕುತ್ತೆ, ಅಂಕಿ ಬರೋದು ಶೀಟ್‌ನಿಂದ. ನಿಮ್ಮ ಕೈ ಎರಡು ಪಿಕ್ಸೆಲ್ ಆಕಡೆ ಈಕಡೆ ಆದ್ರೂ ಅಂಕಿ ಬದಲಾಗಲ್ಲ. ಇದನ್ನ ಡೇಟಾ ಅಂತ ಕರೆಯೋಕೆ ನನ್ನ ಪೂರ್ತಿ ಒಪ್ಪಿಗೆ ಇದೆ.

ಎರಡನೇದು, ಖಾಲಿ ಜಾಗದ ಅಥವಾ ಗೆರೆ ಮೇಲಿನ ಕ್ಲಿಕ್. ಇಲ್ಲಿ ಮ್ಯಾಕ್ರೋ ಸ್ಕೇಲ್ ಹಿಡಿದು ಅಳೆಯುತ್ತೆ. ಪ್ಲಾಟ್ ಏರಿಯಾದ ಎಡ ಅಂಚು ಎಲ್ಲಿದೆ, ಅಗಲ ಎಷ್ಟು, ಆಕ್ಸಿಸ್‌ನ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು, ಇವಿಷ್ಟನ್ನ ಇಟ್ಕೊಂಡು 'ಅಗಲದ ಶೇಕಡಾ 40ರ ಹತ್ರ ಒತ್ತಿದ್ದಾರೆ, ಹಾಗಾದ್ರೆ ವ್ಯಾಲ್ಯೂ ಇಷ್ಟು' ಅಂತ ಅನುಪಾತ ಹಾಕುತ್ತೆ. ಹೈಸ್ಕೂಲ್‌ನಲ್ಲಿ ಗ್ರಾಫ್ ಶೀಟ್ ಮೇಲೆ ಸ್ಕೇಲ್ ಇಟ್ಟು ನೋಡ್ತಿದ್ದೆವಲ್ಲ, ಅದೇ ಇದು. ಆದ್ರೆ ಗ್ರಾಫ್ ಶೀಟ್‌ನಲ್ಲಿ ನಮಗೆ ನಾಚಿಕೆ ಇತ್ತು, 'ಸುಮಾರು 17' ಅಂತ ಬರೀತಿದ್ವಿ. ಈಗ ಕಂಪ್ಯೂಟರ್ 17.2833 ಅಂತ ಕೊಡುತ್ತೆ, ನಾವು ಹಾಗೇ ಇಳಿಸ್ತೀವಿ.

ಆ ನಾಲ್ಕು ದಶಮಾಂಶಕ್ಕೆ ಎಷ್ಟು ಬೆಲೆ ಇದೆ ಅಂತ ಲೆಕ್ಕ ಹಾಕೋದು ಕಷ್ಟ ಅಲ್ಲ. ಬಾವಿ ನೀರಿನ ಆಳದ ಚಾರ್ಟ್ ಅಂತ ಇಟ್ಕೊಳ್ಳಿ. ಆಕ್ಸಿಸ್ 0ಯಿಂದ 60 ಮೀಟರ್, ಸ್ಕ್ರೀನ್ ಮೇಲೆ ಅದರ ಎತ್ತರ 300 ಪಿಕ್ಸೆಲ್. ಒಂದು ಪಿಕ್ಸೆಲ್ ಅಂದ್ರೆ 20 ಸೆಂಟಿಮೀಟರ್ ಆಯ್ತು. ಚುಕ್ಕೆ 7 ಪಿಕ್ಸೆಲ್ ದಪ್ಪ ಇದ್ರೆ ಆ ಚುಕ್ಕೆಯೇ 1.4 ಮೀಟರ್! ಅದರ ಹೊಟ್ಟೆಯಲ್ಲಿ ನೀವು ಎಲ್ಲಿ ಒತ್ತಿದ್ರೂ ಮೊದಲನೇ ದಶಮಾಂಶಕ್ಕೇ ಗ್ಯಾರಂಟಿ ಇಲ್ಲ.

ಫ್ಲೋರೈಡ್‌ಗೆ ಬಂದ್ರೆ ಇದು ಇನ್ನೂ ಗಂಭೀರ. ಕುಡಿಯೋ ನೀರಿಗೆ ಭಾರತೀಯ ಮಾನಕ ಬ್ಯೂರೋ ಹೇಳೋ ಮಿತಿ ಲೀಟರ್‌ಗೆ 1 ಮಿಲಿಗ್ರಾಂ. ಬೇರೆ ನೀರಿನ ಮೂಲ ಇಲ್ಲದಾಗ ಮಾತ್ರ 1.5ರವರೆಗೆ ಹೋಗಬಹುದು. 0ಯಿಂದ 3ರವರೆಗಿನ ಆಕ್ಸಿಸ್ ಅದೇ 300 ಪಿಕ್ಸೆಲ್‌ನಲ್ಲಿ ಇದ್ರೆ, ಒಂದು ಪಿಕ್ಸೆಲ್‌ಗೆ 0.01. ಒಂದು ಹಳ್ಳಿಯ ನೀರು 1.48 ಇದೆಯೋ 1.52 ಇದೆಯೋ ಅನ್ನೋದು ನಾಲ್ಕು ಪಿಕ್ಸೆಲ್ ಮಾತು, ಅಂದ್ರೆ ಒಂದು ಚುಕ್ಕೆಯ ದಪ್ಪದೊಳಗೇ ಮುಗಿದುಹೋಗುತ್ತೆ. ಮೌಸ್ ಸ್ವಲ್ಪ ಜಾರಿದ್ರೆ ಒಂದು ಊರು 'ಮಿತಿಯೊಳಗೆ' ಅನ್ನೋ ಕಾಲಂನಿಂದ 'ಮಿತಿ ಮೀರಿದೆ' ಅನ್ನೋ ಕಾಲಂಗೆ ಹೋಗ್ಬಿಡುತ್ತೆ. ಹಲ್ಲು ಹಳದಿಯಾದ ಮಕ್ಕಳನ್ನ ನಮ್ಮ ಜಿಲ್ಲೆಯಲ್ಲಿ ನೋಡದವರು ಯಾರಿದ್ದಾರೆ ಹೇಳಿ?

ಇದರ ಜೊತೆ ಸಣ್ಣ ಸಣ್ಣ ಹಳ್ಳಗಳೂ ಇವೆ. ಮೌಸ್‌ಡೌನ್ ಕೊಡೋದು ಪಿಕ್ಸೆಲ್, ಪ್ಲಾಟ್ ಏರಿಯಾದ ಅಳತೆ ಇರೋದು ಪಾಯಿಂಟ್‌ನಲ್ಲಿ, ಅಂದ್ರೆ ಇಂಚಿಗೆ 72. ಸಾಮಾನ್ಯ ಸ್ಕ್ರೀನ್‌ನಲ್ಲಿ ಇಂಚಿಗೆ 96 ಪಿಕ್ಸೆಲ್ ಅಂತ ಹಿಡಿದು 0.75ರಿಂದ ಗುಣಿಸ್ತಾರೆ. ಜೂಮ್ ಶೇಕಡಾ 100 ಬಿಟ್ಟು ಬೇರೆ ಇದ್ರೆ ಆ ಲೆಕ್ಕ ಹೋಯ್ತು. ಪಿಕ್ಸೆಲ್ ಎಣಿಕೆ ಮೇಲಿಂದ ಕೆಳಕ್ಕೆ, ಆಕ್ಸಿಸ್ ಎಣಿಕೆ ಸಾಮಾನ್ಯವಾಗಿ ಕೆಳಗಿಂದ ಮೇಲಕ್ಕೆ, ಹಾಗಾಗಿ ಮ್ಯಾಕ್ರೋ ಅದನ್ನ ತಿರುಗಿಸುತ್ತೆ. ಆದ್ರೆ ಅಂತರ್ಜಲದ ಚಾರ್ಟ್‌ಗಳಲ್ಲಿ ಸೊನ್ನೆಯನ್ನ ಮೇಲಿಟ್ಟು ಆಳವನ್ನ ಕೆಳಕ್ಕೆ ತೋರಿಸೋದು ರೂಢಿ. ಅಲ್ಲಿ ಈ ಮ್ಯಾಕ್ರೋ ಹಾಕಿದ್ರೆ ಮೇಲೆ ಬಂದ ನೀರು ಇಳಿದ ಹಾಗೆ, ಇಳಿದ ನೀರು ಮೇಲೆ ಬಂದ ಹಾಗೆ ಆಗುತ್ತೆ. ಲಾಗ್ ಆಕ್ಸಿಸ್ ಆದ್ರೆ 1 ಮತ್ತು 10ರ ನಡು ಮಧ್ಯ ಇರೋದು 5.5 ಅಲ್ಲ, ಸುಮಾರು 3.16. ಇವೆಲ್ಲ ಸರಿಮಾಡಬಹುದಾದ ತಪ್ಪುಗಳು. ಮುಂದೆ ಹೇಳೋದನ್ನ ಯಾವ ಕೋಡ್ ಬರೆದ್ರೂ ಸರಿಮಾಡೋಕೆ ಆಗಲ್ಲ.

ಎರಡು ಚುಕ್ಕೆ ಮಧ್ಯ ಇರೋ ಗೆರೆ ಯಾರದ್ದು? ಅಳತೆ ಮಾಡಿದವರು ಕೊಟ್ಟಿದ್ದು ಚುಕ್ಕೆ. ಗೆರೆ ಎಳೆದಿದ್ದು ಎಕ್ಸೆಲ್. ನಾವು ಗೆರೆ ಮೇಲೆ ಕ್ಲಿಕ್ ಮಾಡಿದಾಗ ಕೇಳ್ತಾ ಇರೋದು ಬಾವಿಯನ್ನ ಅಲ್ಲ, ಎಕ್ಸೆಲ್ ಅನ್ನ.

ಅತಿ ತಮಾಷೆಯ ಉದಾಹರಣೆ ಅಂದ್ರೆ ತಾಲ್ಲೂಕುಗಳ ಹೆಸರನ್ನ ಎಕ್ಸ್ ಆಕ್ಸಿಸ್‌ನಲ್ಲಿ ಹಾಕಿ ಲೈನ್ ಚಾರ್ಟ್ ಮಾಡೋದು. ಇದನ್ನ ಎಷ್ಟು ಪಿಪಿಟಿಗಳಲ್ಲಿ ನೋಡಿದ್ದೀನೋ ಲೆಕ್ಕ ಇಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಅಂತ ಸಾಲಾಗಿ ಬರೆದು ಮೇಲೆ ಗೆರೆ ಎಳೆದಿರ್ತಾರೆ. ಈಗ ಗೌರಿಬಿದನೂರು ಮತ್ತು ಚಿಂತಾಮಣಿ ಮಧ್ಯದ ಗೆರೆ ಮೇಲೆ ಕ್ಲಿಕ್ ಮಾಡಿ. ಮ್ಯಾಕ್ರೋ ನಿಯತ್ತಾಗಿ ಒಂದು ಅಂಕಿ ಕೊಡುತ್ತೆ. ಅದು ಯಾವ ಊರಿನ ಅಂಕಿ? ನಿಜವಾದ ಮ್ಯಾಪ್‌ನಲ್ಲಿ ಗೌರಿಬಿದನೂರಿನಿಂದ ಚಿಂತಾಮಣಿಗೆ ಹೊರಟ್ರೆ ಮಧ್ಯ ಸಿಗೋದು ಚಿಕ್ಕಬಳ್ಳಾಪುರ ಮತ್ತು ಶಿಡ್ಲಘಟ್ಟ. ಚಾರ್ಟ್‌ನಲ್ಲಿ ಅವೆರಡೂ ಆಚೆ ಈಚೆ ತುದಿಯಲ್ಲಿ ಕೂತಿವೆ. ಆ ಮಧ್ಯದ ಅಂಕಿಗೆ ಯಾವ ಬಸ್ಸೂ ಹೋಗಲ್ಲ, ಅಂಥ ಊರೇ ಇಲ್ಲ. ಹೆಸರುಗಳ ಮಧ್ಯ ಗೆರೆ ಎಳೆಯಬಾರದು, ಬಾರ್ ಚಾರ್ಟ್ ಇರೋದೇ ಅದಕ್ಕೆ.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರ್ಕೆಟ್ ರೇಟ್ ತಗೊಳ್ಳಿ. ಅಲ್ಲಿ ಹರಾಜು ಲಾಟ್ ಲಾಟ್‌ಗೆ ನಡೆಯುತ್ತೆ. ಒಂದೇ ದಿನ ಒಬ್ಬರ ಗೂಡು ಒಂದು ರೇಟ್‌ಗೆ ಹೋದ್ರೆ ಪಕ್ಕದವರದ್ದು ಇನ್ನೊಂದಕ್ಕೆ ಹೋಗುತ್ತೆ. ಚಾರ್ಟ್‌ನ ಚುಕ್ಕೆ ಆ ದಿನದ ಸರಾಸರಿ ಅಷ್ಟೇ. 'ಸರಾಸರಿ ರೇಟ್‌ಗೆ ನನ್ನ ಗೂಡು ಒಂದು ದಿನವೂ ಹೋಗಿಲ್ಲ ಕಣೋ' ಅಂತ ನಮ್ಮ ದೊಡ್ಡಪ್ಪ ನಗ್ತಾರೆ. ಹೀಗೆ ಚುಕ್ಕೆಯೇ ಯಾರಿಗೂ ಪೂರ್ತಿ ಸೇರಿದ್ದಲ್ಲ. ಇನ್ನು ಎರಡು ದಿನದ ಚುಕ್ಕೆಗಳ ಮಧ್ಯ ಕ್ಲಿಕ್ ಮಾಡಿ ತೆಗೆದ 'ರೇಟ್' ಅಂದ್ರೆ ಮಾರ್ಕೆಟ್ ಬಾಗಿಲು ಹಾಕಿರೋ ರಾತ್ರಿ ಹೊತ್ತಿನದ್ದು. ಆಗ ಯಾರೂ ಕೂಗಿಲ್ಲ, ಯಾರೂ ಕೊಂಡಿಲ್ಲ.

ನೀರಿನ ಮಟ್ಟ ಇವೆರಡಕ್ಕಿಂತ ಬೇರೆ. ಎರಡು ಅಳತೆಗಳ ಮಧ್ಯೆಯೂ ಬಾವಿಯಲ್ಲಿ ನೀರು ಒಂದು ಮಟ್ಟದಲ್ಲಿ ಇದ್ದೇ ಇರುತ್ತೆ, ಆದ್ರೆ ಯಾರೂ ಹೋಗಿ ನೋಡಿಲ್ಲ. ಕೇಂದ್ರ ಅಂತರ್ಜಲ ಮಂಡಳಿ ತನ್ನ ವೀಕ್ಷಣಾ ಬಾವಿಗಳನ್ನ ವರ್ಷಕ್ಕೆ ನಾಲ್ಕು ಸಲ ಅಳೆಯುತ್ತೆ: ಜನವರಿ, ಮಳೆಗಾಲಕ್ಕೆ ಮುಂಚಿನ ಬೇಸಿಗೆ, ಆಗಸ್ಟ್, ನವೆಂಬರ್. ನಮ್ಮ ಕಡೆ ಜೋರು ಮಳೆ ಬರೋದು ಯಾವಾಗ? ಸೆಪ್ಟೆಂಬರ್, ಅಕ್ಟೋಬರ್. ಅಂದ್ರೆ ವರ್ಷದ ದೊಡ್ಡ ಘಟನೆ ನಡೆಯೋದೇ ಎರಡು ಚುಕ್ಕೆಗಳ ನಡುವಿನ ಖಾಲಿಯಲ್ಲಿ. ಎಕ್ಸೆಲ್ ಅಲ್ಲಿ ನೇರ ಗೆರೆ ಎಳೆದು, ನೀರು ದಿನಾ ಒಂದೊಂದು ಬೆರಳು ಏರಿದ ಹಾಗೆ ತೋರಿಸುತ್ತೆ. 2021ರ ನವೆಂಬರ್ ನೆನಪಿದೆಯಲ್ಲ? ಎಷ್ಟೋ ವರ್ಷದಿಂದ ಒಣಗಿದ್ದ ಕೆರೆಗಳು ಕೋಡಿ ಹರಿದವು. ಅಂಥ ಮಳೆಗೆ ನಾಲ್ಕು ದಿನ ಮುಂಚೆ ಬಾವಿ ಅಳೆದಿದ್ರೆ ಒಂದು ಕಥೆ, ನಾಲ್ಕು ದಿನ ಆದಮೇಲೆ ಅಳೆದಿದ್ರೆ ಇನ್ನೊಂದು ಕಥೆ. ಅದರ ಮೇಲೆ 'ಸ್ಮೂತ್ ಲೈನ್' ಅನ್ನೋ ಟಿಕ್ ಹಾಕಿದ್ರಂತೂ ಮುಗೀತು. ಗೆರೆ ಚೆಂದಕ್ಕೆ ಬಾಗಿ, ಅಳೆದ ಎರಡೂ ಅಂಕಿಗಳಿಗಿಂತ ಮೇಲೆ ಹೋಗಿ ಬರುತ್ತೆ. ಅಲ್ಲಿ ಕ್ಲಿಕ್ ಮಾಡಿದ್ರೆ ಯಾರೂ ಯಾವತ್ತೂ ಅಳೆಯದ ದಾಖಲೆ ಮಟ್ಟ ಸಿಗುತ್ತೆ!

ಸಿಗ್ನಲ್ಸ್ ಪೇಪರ್ ಓದಿದವರಿಗೆ ಇದು ಗೊತ್ತಿರೋದೇ. ಒಂದು ಸಿಗ್ನಲ್ ಎಷ್ಟು ಬೇಗ ಬದಲಾಗುತ್ತೋ ಅದರ ಎರಡರಷ್ಟಕ್ಕಿಂತ ಹೆಚ್ಚು ಬೇಗ ಸ್ಯಾಂಪಲ್ ತಗೋಬೇಕು. ನೈಕ್ವಿಸ್ಟ್ ಹೇಳಿದ್ದನ್ನ ನಾವು ಪರೀಕ್ಷೆಯಲ್ಲಿ ಬರೀತೀವಿ, ಪ್ರಾಜೆಕ್ಟ್‌ನಲ್ಲಿ ಮರೀತೀವಿ. ನಮ್ಮ ಗೌರಿಬಿದನೂರಿನಲ್ಲೇ 1960ರ ದಶಕದಿಂದ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಭೂಕಂಪನ ವೀಕ್ಷಣಾಲಯ ಇದೆ. ಅಲ್ಲಿನ ಉಪಕರಣಗಳು ನೆಲಕ್ಕೆ ಕಿವಿಯಿಟ್ಟು ಬಿಡುವಿಲ್ಲದೆ ಕೇಳ್ತಾವೆ. ಅಂಥ ದಾಖಲೆಯಲ್ಲಿ ಎರಡು ಚುಕ್ಕೆ ಮಧ್ಯದ ಗೆರೆಯನ್ನ ನಂಬಬಹುದು, ಯಾಕಂದ್ರೆ ಚುಕ್ಕೆಗಳು ಅಷ್ಟು ಒತ್ತಾಗಿವೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸ್ತವೆ. ಅದರ ಗೆರೆಯನ್ನೂ ಸುಮಾರಾಗಿ ನಂಬೋಣ. ವರ್ಷಕ್ಕೆ ನಾಲ್ಕು ಚುಕ್ಕೆಯ ಬಾವಿ ಗೆರೆಯನ್ನ ಮಾತ್ರ ಅದೇ ಧೈರ್ಯದಲ್ಲಿ ಕ್ಲಿಕ್ ಮಾಡೋದು ಹೇಗೆ?

ಇದು ಎಲ್ಲಿ ನಮ್ಮ ಕುತ್ತಿಗೆಗೆ ಬರುತ್ತೆ ಅಂದ್ರೆ ಎಚ್.ಎನ್. ವ್ಯಾಲಿ ಚರ್ಚೆಯಲ್ಲಿ. ಬೆಂಗಳೂರಿನ ಹೆಬ್ಬಾಳ ನಾಗವಾರ ಕಣಿವೆಯ ಕೊಳಚೆ ನೀರನ್ನ ಎರಡು ಹಂತ ಶುದ್ಧೀಕರಿಸಿ, ದಿನಕ್ಕೆ 210 ದಶಲಕ್ಷ ಲೀಟರ್‌ನಂತೆ, ಬೆಂಗಳೂರು ನಗರ, ಗ್ರಾಮಾಂತರ ಮತ್ತು ನಮ್ಮ ಜಿಲ್ಲೆಯ 65 ಕೆರೆಗಳಿಗೆ ಹರಿಸೋ ಯೋಜನೆ ಅದು. 'ಬೋರ್‌ಗಳಲ್ಲಿ ನೀರು ಬಂತು' ಅನ್ನೋರು ಒಂದು ಗ್ರಾಫ್ ತೋರಿಸ್ತಾರೆ. 'ಮೂರನೇ ಹಂತದ ಶುದ್ಧೀಕರಣ ಆಗದೆ ಈ ನೀರು ಬೇಡ' ಅನ್ನೋರು ಇನ್ನೊಂದು ಗ್ರಾಫ್ ತೋರಿಸ್ತಾರೆ. ಯಾರ ಪರವಾಗಿ ಮಾತಾಡೋಕೂ ನಾನು ಇಲ್ಲಿ ಬಂದಿಲ್ಲ. ಒಂದೇ ಒಂದು ವಿಷಯ ನೋಡಿ. ಒಂದು ಕೆರೆಗೆ ಜುಲೈನಲ್ಲಿ ನೀರು ಬಂತು ಅಂತ ಇಟ್ಕೊಳ್ಳಿ. ಪಕ್ಕದ ಬಾವಿಯನ್ನ ಮೇನಲ್ಲಿ ಒಮ್ಮೆ, ಆಗಸ್ಟ್‌ನಲ್ಲಿ ಒಮ್ಮೆ ಅಳೆದಿದ್ದಾರೆ. ಗೆರೆ ಮೇನಿಂದಲೇ ಏರೋಕೆ ಶುರುವಾಗುತ್ತೆ, ಕೆರೆಗೆ ನೀರು ಬರೋದಕ್ಕೆ ಎರಡು ತಿಂಗಳು ಮುಂಚೆಯೇ. ಜೂನ್ 15ರ ಜಾಗದಲ್ಲಿ ಕ್ಲಿಕ್ ಮಾಡಿದವನು 'ನೋಡಿ, ಯೋಜನೆಗೆ ಮುಂಚೆಯೇ ಮಟ್ಟ ಏರ್ತಾ ಇತ್ತು, ಇದು ಬರೀ ಮಳೆ' ಅಂತಾನೆ. ಆಗಸ್ಟ್ ಚುಕ್ಕೆ ಹಿಡಿದವನು 'ನೋಡಿ, ಯೋಜನೆಯಿಂದಲೇ' ಅಂತಾನೆ. ಒಬ್ಬನ ಹತ್ರ ಇರೋದು ಗೆರೆ, ಇನ್ನೊಬ್ಬನ ಹತ್ರ ಇರೋದು ಒಂದೇ ಚುಕ್ಕೆ. ಜೂನ್‌ನಲ್ಲಿ ಬಾವಿಗೆ ಹಗ್ಗ ಇಳಿಸಿ ನೋಡಿದವರು ಇಲ್ಲದೆ ಈ ಜಗಳ ಬಗೆಹರಿಯಲ್ಲ.

'ಹಾಗಾದ್ರೆ ಟೇಬಲ್ ಇಲ್ಲದಾಗ ಏನು ಮಾಡೋದು? ಗ್ರಾಫ್ ಬಿಟ್ಟುಬಿಡೋದಾ?' ಅಂತ ನನ್ನ ಫ್ರೆಂಡ್ಸ್ ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಹಳೇ ರಿಪೋರ್ಟ್‌ಗಳಲ್ಲಿ, ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳಲ್ಲಿ ಗ್ರಾಫ್‌ನ ಚಿತ್ರ ಬಿಟ್ರೆ ಬೇರೇನೂ ಇರಲ್ಲ. ಚಿತ್ರದಿಂದ ಅಂಕಿ ತೆಗೆಯೋದು ಪ್ರಪಂಚದಾದ್ಯಂತ ಸಂಶೋಧಕರು ಮಾಡೋ ಕೆಲಸವೇ, ಅದಕ್ಕೆ ವೆಬ್‌ಪ್ಲಾಟ್‌ಡಿಜಿಟೈಜರ್‌ನಂಥ ಒಳ್ಳೇ ಸಾಧನಗಳೂ ಇವೆ. ಕ್ಲಿಕ್ ಮಾಡೋಣ. ಆದ್ರೆ ಮಾಡೋಕೆ ಮುಂಚೆ ಮತ್ತು ಮಾಡಿದ ಮೇಲೆ ಕೆಲವು ಪದ್ಧತಿ ಇಟ್ಕೊಳ್ಳೋಣ.

ಮೊದಲು ಟೇಬಲ್ ಹುಡುಕಿ. ಇಂಡಿಯಾ ಡಬ್ಲ್ಯೂಆರ್‌ಐಎಸ್ ಪೋರ್ಟಲ್‌ನಲ್ಲಿ ಅಂತರ್ಜಲದ ಅಂಕಿಗಳು ಇವೆ. ಇಲ್ಲದಿದ್ರೆ ಇಲಾಖೆಗೆ ಪತ್ರ ಬರೆಯಿರಿ, 2005ರ ಮಾಹಿತಿ ಹಕ್ಕು ಕಾಯ್ದೆ ಇರೋದೇ ನಮ್ಮಂಥವರಿಗೆ. ಚಾರ್ಟ್ ನಿಮ್ಮದೇ ಶೀಟ್‌ನದ್ದಾದ್ರೆ ಕ್ಲಿಕ್ ಮಾಡೋ ಅಗತ್ಯವೇ ಇಲ್ಲ, ಕಾಲಂ ಅಲ್ಲೇ ಇದೆ. ಮಧ್ಯದ ಅಂದಾಜು ಬೇಕಿದ್ರೆ ಸೆಲ್‌ನಲ್ಲಿ ಫಾರ್ಮುಲಾ ಬರೆದು ತೆಗೀರಿ. ಆಗ ಇದು ಅಂದಾಜು ಅನ್ನೋದು ನೋಡಿದವರಿಗೆಲ್ಲ ಕಾಣುತ್ತೆ.

ಚಿತ್ರವೇ ಗತಿ ಅಂದಾಗ ಚುಕ್ಕೆ ಮೇಲೆ ಮಾತ್ರ ಕ್ಲಿಕ್ ಮಾಡಿ, ಗೆರೆ ಮೇಲೆ ಬೇಡ. ಪ್ರತಿ ಆಕ್ಸಿಸ್‌ನಲ್ಲೂ ಗೊತ್ತಿರೋ ಎರಡು ಜಾಗ ತೋರಿಸಿ ಸ್ಕೇಲ್ ಹೊಂದಿಸಿ. ಒಂದೇ ಚುಕ್ಕೆಯನ್ನ ಮೂರು ಸಲ ಒತ್ತಿ, ಎಷ್ಟು ವ್ಯತ್ಯಾಸ ಬರುತ್ತೆ ನೋಡಿ. ಒಂದು ಪಿಕ್ಸೆಲ್‌ಗೆ ಎಷ್ಟು ಅಂತ ಲೆಕ್ಕ ಹಾಕಿ, ಅದಕ್ಕಿಂತ ಸಣ್ಣ ದಶಮಾಂಶಗಳನ್ನ ಹೊಡೆದುಹಾಕಿ. ಟೇಬಲ್ ಪಕ್ಕದಲ್ಲಿ 'ಗ್ರಾಫ್‌ನಿಂದ ಓದಿದ್ದು, ಇಷ್ಟು ಹೆಚ್ಚುಕಮ್ಮಿ' ಅಂತ ಒಂದು ಸಾಲು ಬರೆಯಿರಿ. ಇಷ್ಟಕ್ಕೆ ಐದು ನಿಮಿಷ ಸಾಕು.

ನಮ್ಮ ಕಡೆ ಬೋರ್ ಕೊರೆಸೋ ಮುಂಚೆ 'ಪಾಯಿಂಟ್' ನೋಡಿಸೋದು ಎಲ್ರಿಗೂ ಗೊತ್ತು. ಅಂಗೈ ಮೇಲೆ ತೆಂಗಿನಕಾಯಿ ಇಟ್ಕೊಂಡು ಹೊಲ ಸುತ್ತುತ್ತಾರೆ, ಕಾಯಿ ಎದ್ದು ನಿಂತ ಜಾಗವೇ ಪಾಯಿಂಟ್. ಇಂಜಿನಿಯರಿಂಗ್ ಓದೋ ನಾವು ಅದನ್ನ ನೋಡಿ ನಗ್ತೀವಿ. ಆದ್ರೆ ಒಂದು ವಿಷಯದಲ್ಲಿ ಅದು ನಮ್ಮ ಕ್ಲಿಕ್‌ಗಿಂತ ವಾಸಿ. ಕಾಯಿ ತೋರಿಸಿದ ಪಾಯಿಂಟ್‌ಗೆ ಮಾರನೇ ದಿನವೇ ರಿಗ್ ಗಾಡಿ ಬರುತ್ತೆ, ನೀರು ಇದೆಯೋ ಇಲ್ವೋ ಅಂತ ಊರಿಗೆಲ್ಲ ಗೊತ್ತಾಗುತ್ತೆ. ನಾವು ಗೆರೆ ಮೇಲೆ ಒತ್ತಿ ತೆಗೆದ ಪಾಯಿಂಟ್‌ನ ಪರೀಕ್ಷೆ ಮಾಡೋಕೆ ಯಾವ ಗಾಡಿಯೂ ಬರಲ್ಲ. ಅದು ಬೈಂಡ್ ಆಗಿ ಲೈಬ್ರರಿ ಸೇರುತ್ತೆ, ಮುಂದಿನ ವರ್ಷದ ಜೂನಿಯರ್ ಅದನ್ನ 'ಡೇಟಾ' ಅಂತ ಎತ್ತಿಕೊಳ್ತಾನೆ.

ಈ ಸೆಮಿಸ್ಟರ್‌ನಿಂದ ನಮ್ಮ ಕಾಲೇಜಿನಲ್ಲಿ ಎರಡು ವಿಷಯ ಆಗಬೇಕು ಅಂತ ನನ್ನ ಆಸೆ. ರಿಪೋರ್ಟ್‌ನಲ್ಲಿ ಗ್ರಾಫ್ ಹಾಕಿದವರು ಅದರ ಟೇಬಲ್ ಅನ್ನ ಹಿಂದಿನ ಪುಟದಲ್ಲಿ ಕಡ್ಡಾಯವಾಗಿ ಹಾಕಬೇಕು, ಸಾಫ್ಟ್ ಕಾಪಿಯಲ್ಲಿ ಶೀಟ್ ಕೂಡ ಕೊಡಬೇಕು. ಗ್ರಾಫ್‌ನಿಂದ ಓದಿದ ಅಂಕಿಗೆ ಟೇಬಲ್‌ನಲ್ಲಿ ಒಂದು ನಕ್ಷತ್ರದ ಗುರುತು ಇರಬೇಕು. ಇದಕ್ಕೆ ಯಾರ ಅನುಮತಿಯೂ ಬೇಕಿಲ್ಲ, ಗೈಡ್ ಹೇಳೋವರೆಗೂ ಕಾಯೋದೂ ಬೇಡ. ನಿಮ್ಮ ಬ್ಯಾಚ್‌ನ ರಿಪೋರ್ಟ್ ಇನ್ನೂ ಪ್ರಿಂಟ್‌ಗೆ ಹೋಗಿಲ್ಲ ಅಂದ್ರೆ ಇವತ್ತೇ ಫೈಲ್ ತೆಗೆದು ನೋಡಿ: ಯಾವ ಅಂಕಿ ಬಾವಿಯಿಂದ ಬಂದಿದ್ದು, ಯಾವುದು ಮೌಸ್‌ನಿಂದ ಬಂದಿದ್ದು?